ಸೆಕ್ಷನ್ 8 ಅಂದ ಕೂಡಲೇ ಫೋನ್ ಇಡಬೇಡಿ

ಹೋದ ವಾರ ನಮ್ಮ ನ್ಯೂಜೆರ್ಸಿ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಕೇಳಿದರು: "ಮನೆ ಬಾಡಿಗೆಗೆ ಹಾಕಿದ್ದೀನಿ, ಬರೋ ಫೋನೆಲ್ಲಾ ಸೆಕ್ಷನ್ 8ನವರದ್ದೇ, ಏನ್ ಮಾಡ್ಲಿ?" ಹತ್ತೇ ನಿಮಿಷದಲ್ಲಿ ಸಾಲು ಸಾಲು ಉತ್ತರ. "ಮನೆ ಬೇರೆಯವರಿಗೆ ಹೋಯ್ತು ಅಂದ್ಬಿಡಿ ಸರ್." "ಮನೆ ಹಾಳು ಮಾಡಿ ಹೋಗ್ತಾರೆ." ಉತ್ತರ ಕೊಟ್ಟವರಲ್ಲಿ ಒಬ್ಬರಾದರೂ ಅಂಥವರಿಗೆ ಮನೆ ಕೊಟ್ಟು ನೋಡಿದವರಾ? ಇಲ್ಲ. ನಾನು ಕೊಟ್ಟಿದ್ದೇನೆ. ನಾಲ್ಕು ವರ್ಷ ಆಯ್ತು.

ಊರಲ್ಲಿರುವವರಿಗೆ ಒಂದು ಮಾತು. ಸೆಕ್ಷನ್ 8 ಅಂದರೆ ಅಮೆರಿಕದ ಬಾಡಿಗೆ ವೋಚರ್. 1974ರ ಕಾನೂನಿನಿಂದ ಬಂದದ್ದು. ಆದಾಯ ತೀರಾ ಕಡಿಮೆ ಇರುವವರು ತಮ್ಮ ಆದಾಯದ ಸುಮಾರು 30% ಬಾಡಿಗೆಗೆ ಕೊಡುತ್ತಾರೆ. ಉಳಿದದ್ದನ್ನು ಊರಿನ ಹೌಸಿಂಗ್ ಅಥಾರಿಟಿ, ಅಂದರೆ ಸರ್ಕಾರಿ ವಸತಿ ಸಂಸ್ಥೆ, ನೇರವಾಗಿ ಮನೆ ಮಾಲೀಕರ ಖಾತೆಗೆ ಹಾಕುತ್ತದೆ. ಸುಮಾರು 23 ಲಕ್ಷ ಕುಟುಂಬಗಳು ಹೀಗೆ ಬದುಕುತ್ತಿವೆ. ಆದರೆ ಸರ್ಕಾರದ ಬಾಡಿಗೆ ನೆರವಿಗೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಒಂದಕ್ಕೆ ಮಾತ್ರ ಅದು ಸಿಗುವುದು. ಉಳಿದವರು ಕಾಯುತ್ತಾ ಕೂರಬೇಕು.

ನನ್ನ ಮನೆಗೆ ಬಂದಾಕೆ ಕಾದದ್ದು ಆರು ವರ್ಷ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ, ಇಬ್ಬರು ಮಕ್ಕಳು. ಮನೆ ನೋಡಲು ಬಂದಾಗ ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲ್. ಹಳೇ ಮನೆಯ ಬಾಡಿಗೆ ರಸೀದಿಗಳು, ಕೆಲಸದ ಪತ್ರ, ಮಕ್ಕಳ ಸ್ಕೂಲಿನ ಕಾಗದ, ಎಲ್ಲಾ ತಿಂಗಳುವಾರು ಜೋಡಿಸಿಟ್ಟಿದ್ದರು. ನಾನು ಕೇಳುವ ಮೊದಲೇ ಒಂದೊಂದಾಗಿ ತೆಗೆದು ಕಿಚನ್ ಕೌಂಟರ್ ಮೇಲೆ ಇಟ್ಟರು. ಎಷ್ಟು ಮನೆಗಳಲ್ಲಿ ಹೀಗೆ ಇಟ್ಟು, ಮತ್ತೆ ಎತ್ತಿಕೊಂಡು ಹೋಗಿದ್ದರೋ. ನನಗೂ ಒಳಗೊಳಗೆ ಅಳುಕಿತ್ತು, ಸುಳ್ಳು ಹೇಳಲ್ಲ. ಹಳೇ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿದೆ. ಅದಕ್ಕೇನೂ ಅಡ್ಡಿಯಿಲ್ಲ, ಬೇರೆಯವರನ್ನು ವಿಚಾರಿಸುವ ಹಾಗೇ ಇವರನ್ನೂ ವಿಚಾರಿಸಬಹುದು. ಆದರೆ ವೋಚರ್ ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ ಅನ್ನೋದು ನ್ಯೂಜೆರ್ಸಿಯಲ್ಲಿ ಕಾನೂನಿಗೆ ವಿರುದ್ಧ. ಗ್ರೂಪಲ್ಲಿ "ಮನೆ ಬೇರೆಯವರಿಗೆ ಹೋಯ್ತು ಅಂದ್ಬಿಡಿ" ಅಂತ ಬರೆದವರಿಗೆ ಇದು ಗೊತ್ತಿರಲಿ.

ಬಾಡಿಗೆ 1,900 ಡಾಲರ್. ಆಕೆಯ ಪಾಲು 540, ಅಥಾರಿಟಿಯದ್ದು 1,360. ಎರಡನೇ ವರ್ಷ ಆಕೆಯ ಕೆಲಸದ ಗಂಟೆ ಕಡಿಮೆ ಆಯ್ತು. ಆದಾಯ ಇಳಿದದ್ದನ್ನು ಅಥಾರಿಟಿಯ ಆಫೀಸಿಗೆ ತಿಳಿಸಿದರು, ಆಕೆಯ ಪಾಲು ಇಳಿಯಿತು, ಅಥಾರಿಟಿಯ ಪಾಲು ಏರಿತು. ನನ್ನ ಕೈಗೆ ಬರುವುದು ಅದೇ 1,900. ಅದಕ್ಕೂ ಮುಂಚೆ ಅದೇ ಮನೆಯಲ್ಲಿ ಒಳ್ಳೆ ಸಂಬಳದ ಹುಡುಗರು ಇದ್ದರು, ಕೆಲಸ ಹೋದಾಗ ಎರಡು ತಿಂಗಳ ಬಾಡಿಗೆ ಬಾಕಿ ಉಳಿಸಿ ಹೋದರು. ಆದಾಯ ಬಾಡಿಗೆಯ ಮೂರು ಪಟ್ಟು ಇರಬೇಕು ಅಂತ ಹಟ ಹಿಡಿಯುವವರು ಸ್ವಲ್ಪ ಯೋಚನೆ ಮಾಡಿ. ಆಕೆ ಕೊಡಬೇಕಾದದ್ದು 540 ತಾನೇ?

ಕಷ್ಟ ಇಲ್ಲವೇ ಇಲ್ಲ ಅಂತಲ್ಲ. ಇದೆ, ಆದರೆ ಅದು ಬಾಡಿಗೆದಾರರಿಂದ ಬರುವುದಲ್ಲ, ಆಫೀಸಿನಿಂದ. ಅವರ ಇನ್‌ಸ್ಪೆಕ್ಷನ್‌ನಲ್ಲಿ ಮನೆ ಪಾಸಾಗುವವರೆಗೆ ದುಡ್ಡು ಶುರುವಾಗಲ್ಲ. ನಮ್ಮದು 1978ಕ್ಕೂ ಹಿಂದಿನ ಮನೆ, ಆಕೆಯ ಚಿಕ್ಕ ಮಗನಿಗೆ ಆರು ತುಂಬಿರಲಿಲ್ಲ. ಅಂಥ ಮನೆಯಲ್ಲಿ ಬಣ್ಣ ಚಕ್ಕೆ ಏಳುವ ಹಾಗಿಲ್ಲ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಇನ್‌ಸ್ಪೆಕ್ಟರ್ ಬಂದವರು ಒಲೆಯ ನಾಲ್ಕೂ ಬರ್ನರ್ ಹಚ್ಚಿ ನೋಡಿದರು, ಕಿಟಕಿಗಳ ಚಿಲಕ ಹಾಕಿ ತೆಗೆದರು, ಹಿಂದಿನ ರೂಮಿನ ಕಿಟಕಿ ಕಟ್ಟೆ ಮೇಲೆ ಬೆರಳಾಡಿಸಿದರು. ಒಂದು ಚಕ್ಕೆ ಬೆರಳಿಗೆ ಬಂತು. ಬೇಸ್‌ಮೆಂಟ್ ಮೆಟ್ಟಿಲಿಗೆ ಹಿಡಿಕೆಯೂ ಇರಲಿಲ್ಲ. ಫೇಲ್. ಆ ದಿನ ಸಿಟ್ಟು ಬಂದಿತ್ತು, ನಿಜ. ರಾತ್ರಿ ಕೂತು ಯೋಚಿಸಿದೆ: ಇಷ್ಟು ವರ್ಷ ಆ ಮೆಟ್ಟಿಲಲ್ಲಿ ಜನ ಇಳಿದಿದ್ದಾರೆ, ಒಬ್ಬರಾದರೂ ಬಿದ್ದಿದ್ದರೆ? ರಿಪೇರಿ ಮುಗಿಸಿ, ಎರಡನೇ ಸಲ ಪಾಸಾಗಿ, ಅಥಾರಿಟಿಯ ಮೊದಲ ಕಂತು ಬರುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ತಿಂಗಳು. ಲೋನ್ ಕಂತು ಕಟ್ಟುವವರಿಗೆ ಇದು ಸಣ್ಣ ಮಾತಲ್ಲ. ದೂರುವುದಾದರೆ ಇದನ್ನು ದೂರಿ, ನಾನೂ ಜೊತೆಗಿರುತ್ತೇನೆ. ಆಮೇಲೆ ಮಾತ್ರ ತಿಂಗಳು ತಪ್ಪಿಲ್ಲ.

ಅರ್ಬನ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆಯವರು ಕೇಂದ್ರ ವಸತಿ ಇಲಾಖೆಗಾಗಿ ಐದು ಕಡೆ ಮನೆ ಮಾಲೀಕರಿಗೆ ಫೋನ್ ಮಾಡಿ ನೋಡಿ, 2018ರಲ್ಲಿ ವರದಿ ಕೊಟ್ಟರು. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 78% ಮಂದಿ ವೋಚರ್ ಬೇಡ ಅಂದರು. ನಮ್ಮ ನೂವಾರ್ಕ್‌ನಲ್ಲಿ 31%. ಕಾನೂನಿರುವ ನಮ್ಮಲ್ಲೇ ಮೂರಕ್ಕೆ ಒಬ್ಬರು ಹತ್ತಿರ ಹತ್ತಿರ. ಟೆಕ್ಸಾಸ್‌ನಲ್ಲಂತೂ ಊರುಗಳು ಇಂಥ ಕಾನೂನು ಮಾಡದ ಹಾಗೆ 2015ರಲ್ಲಿ ರಾಜ್ಯವೇ ತಡೆಯಿತು.

ಚಿಕ್ಕಂದಿನಲ್ಲಿ ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ಹಾಸನದಲ್ಲಿ ಮನೆ ಹುಡುಕುತ್ತಿದ್ದದ್ದು ನೆನಪಿದೆ. ಗೇಟಿನ ಆಚೆಯಿಂದಲೇ "ಯಾವ ಜನ ನೀವು?" ಅಂತ ಕೇಳೋರು. ಅಪ್ಪ ಉತ್ತರ ಹೇಳುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ನಮ್ಮಲ್ಲಿ ಎಷ್ಟೋ ಜನ ಆ ಗೇಟಿನ ಹೊರಗೆ ನಿಂತವರೇ ಅಲ್ವಾ? ಇಲ್ಲಿಗೆ ಬಂದು ಎರಡು ಮನೆ ತಗೊಂಡ ಮೇಲೆ ಅದೇ ಕೆಲಸ ನಾವು ಹೇಗೆ ಮಾಡುತ್ತೇವೆ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವೋಚರ್‌ಗೆ ಗಡುವು ಇರುತ್ತದೆ. ಮನೆ ಹುಡುಕಿಕೊಳ್ಳಲು ಕಮ್ಮಿ ಅಂದರೆ 60 ದಿನ ಕೊಡುತ್ತಾರೆ, ಅದನ್ನು ಮುಂದಕ್ಕೆ ಹಾಕಿಸಿಕೊಳ್ಳಬಹುದು, ಆದರೆ ಆ ಅವಧಿಯೂ ಮುಗಿದರೆ ವರ್ಷಗಟ್ಟಲೆ ಕಾದು ಪಡೆದದ್ದು ಕೈತಪ್ಪುತ್ತದೆ. ನಾವು ಸುಮ್ನೆ ಎತ್ತದೇ ಬಿಟ್ಟ ಒಂದೊಂದು ಫೋನಿಗೂ ಅವರ ಒಂದೊಂದು ದಿನ ಹೋಗುತ್ತದೆ.

ಇಷ್ಟೆಲ್ಲಾ ಇವತ್ತೇ ಬರೆಯಲು ಕಾರಣ, ನಮ್ಮ ಬಾಡಿಗೆದಾರರ ತಂಗಿಗೂ ಈಗ ವೋಚರ್ ಸಿಕ್ಕಿದೆ. ಗಡುವು ಒಂದು ಸಲ ಮುಂದಕ್ಕೆ ಹೋಗಿದೆ, ಇನ್ನು 23 ದಿನ ಉಳಿದಿದೆ. ಟ್ರೆಂಟನ್ ಸುತ್ತಮುತ್ತ ಯಾರದ್ದಾದರೂ ಎರಡು ಬೆಡ್‌ರೂಮಿನ ಮನೆ ಖಾಲಿ ಇದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ಅರ್ಜಿ ತುಂಬಿಸುವುದರಿಂದ ಹಿಡಿದು ಇನ್‌ಸ್ಪೆಕ್ಷನ್ ದಿನದವರೆಗೆ ನಾನೇ ಜೊತೆಗೆ ನಿಲ್ಲುತ್ತೇನೆ. ಬೇಸ್‌ಮೆಂಟ್ ಮೆಟ್ಟಿಲಿಗೆ ಹಿಡಿಕೆ ಇದೆಯಾ ಅಂತ ಮಾತ್ರ ಈಗಲೇ ನೋಡಿಕೊಳ್ಳಿ.