ಗಂಡನ ಮೇಲಿನ ಅನುಮಾನ ಮತ್ತು ಸರಪಳಿಯ ಮೊದಲ ಕೊಂಡಿ

2025ರ ಏಪ್ರಿಲ್ ಮೊದಲ ದಿನ ಮಡಿಕೇರಿಯ ಹೋಟೆಲೊಂದರಲ್ಲಿದ್ದ ಮಹಿಳೆಯೊಬ್ಬರನ್ನು ಪರಿಚಯದವರು ಕಂಡು ಗುರುತು ಹಿಡಿದರು. ಪೊಲೀಸರ ದೋಷಾರೋಪ ಪಟ್ಟಿಯ ಪ್ರಕಾರ ಆಕೆ ಕೊಲೆಯಾಗಿ ವರ್ಷಗಳೇ ಕಳೆದಿದ್ದವು. ಕೊಂದವನು ಕುಶಾಲನಗರ ತಾಲ್ಲೂಕಿನ ಕೂಲಿ ಕಾರ್ಮಿಕನಾದ ಆಕೆಯ ಗಂಡನೆಂದೂ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬಳಿ ಸಿಕ್ಕ ಅಸ್ಥಿಪಂಜರ ಆಕೆಯದೆಂದೂ ಅದರಲ್ಲಿ ಬರೆಯಲಾಗಿತ್ತು. ಹೆಂಡತಿ ಕಾಣೆಯಾಗಿದ್ದಾಳೆಂದು 2020ರಲ್ಲಿ ದೂರು ಕೊಟ್ಟವನೂ ಅದೇ ಗಂಡ. ಆತ ಹತ್ತಿರಹತ್ತಿರ ಎರಡು ವರ್ಷ ಜೈಲಿನಲ್ಲಿದ್ದ. ಆ ಮೂಳೆ ಆಕೆಯದಲ್ಲವೆಂದು ಡಿಎನ್‌ಎ ವರದಿ ಹೇಳಿದ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ಕೊನೆಗೆ ಹೆಂಡತಿಯೇ ಮೈಸೂರಿನ ನ್ಯಾಯಾಲಯದಲ್ಲಿ ಜೀವಂತ ನಿಂತ ಮೇಲೆ, ಅದೇ ಏಪ್ರಿಲ್ ತಿಂಗಳಲ್ಲಿ ಆತನ ಬಿಡುಗಡೆಯಾಯಿತು. ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ನ್ಯಾಯಾಲಯ ಆದೇಶಿಸಿತು.

ಹೆಂಡತಿ ಸತ್ತಾಗ ಅಥವಾ ಕಾಣೆಯಾದಾಗ ಗಂಡನ ಮೇಲೆ ನಮಗೆಲ್ಲ ಹುಟ್ಟುವ ಅನುಮಾನದ ಬಗ್ಗೆ ಬರೆಯಬೇಕೆಂದು ಆ ಸುದ್ದಿಯನ್ನು ಓದಿದ ದಿನವೇ ಅಂದುಕೊಂಡಿದ್ದೆ. ನಾನು ವಕೀಲನಲ್ಲ, ತೀರ್ಪುಗಳನ್ನು ಕಥೆಗಳಂತೆ ಓದುವ ಚಟವೊಂದು ಅಂಟಿಕೊಂಡಿದೆ, ಅಷ್ಟೆ. ಅನುಮಾನವೇ ತಪ್ಪೆಂದು ಹೇಳುವುದು ನನ್ನ ಉದ್ದೇಶವಲ್ಲ. ಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಇಬ್ಬರೇ ಇದ್ದು, ಬೆಳಗಾಗುವಾಗ ಒಬ್ಬಳು ಹೆಣವಾಗಿದ್ದರೆ ಬದುಕಿರುವ ಇನ್ನೊಬ್ಬನನ್ನು ಕೇಳದೆ ಯಾರನ್ನು ಕೇಳಬೇಕು? ಆದರೆ ಕೇಳಬೇಕಾದ ಪ್ರಶ್ನೆಗಳಿಗೂ ಒಂದು ಕ್ರಮವಿದೆ, ನಾವು ಆ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಆತ ಅತ್ತನೇ, ಹೆಣದ ಮುಂದೆ ಫೋನ್ ನೋಡುತ್ತಿದ್ದನೇ, ಮೂರನೆಯ ದಿನ ಮೀಸೆ ಟ್ರಿಮ್ ಮಾಡಿಸಿದನೇ ಎಂಬಲ್ಲಿಂದ ನಮ್ಮ ವಿಚಾರಣೆ ಶುರುವಾಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮೊಳಗೆ ಅಷ್ಟು ಆಳವಾಗಿ ಕುಳಿತಿದೆ. ಕಳ್ಳನಲ್ಲದವನ ಹೆಗಲೂ ಕೆಲವೊಮ್ಮೆ ತುರಿಸುತ್ತದೆ ಎಂಬುದನ್ನು ಹೇಳುವ ಗಾದೆ ಇದ್ದಂತಿಲ್ಲ.

ಪ್ರತ್ಯಕ್ಷದರ್ಶಿಯಿಲ್ಲದ ಪ್ರಕರಣದಲ್ಲಿ ನ್ಯಾಯಾಲಯ ಏನನ್ನು ಕೇಳುತ್ತದೆ ಎಂಬುದಕ್ಕೆ ಇಂದಿಗೂ ಎಲ್ಲರೂ ತಿರುಗಿ ನೋಡುವುದು ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರ ಜುಲೈನಲ್ಲಿ ಕೊಟ್ಟ ತೀರ್ಪನ್ನು. ಅದೂ ಗಂಡ-ಹೆಂಡತಿಯ ಪ್ರಕರಣವೇ. 1982ರ ಫೆಬ್ರವರಿಯಲ್ಲಿ ಮದುವೆಯಾದ ಹುಡುಗಿ ಜೂನ್‌ನಲ್ಲಿ ಪುಣೆಯ ಫ್ಲ್ಯಾಟಿನಲ್ಲಿ ಸಯನೈಡ್ ವಿಷದಿಂದ ಸತ್ತಿದ್ದಳು. ಗಂಡನಿಗೆ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು, ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಆರೋಪಿಯತ್ತ ಬೆರಳು ತೋರಿಸುವ ಪ್ರತಿಯೊಂದು ಸಂಗತಿಯೂ ಮೊದಲು ಪೂರ್ಣವಾಗಿ ಸಾಬೀತಾಗಬೇಕು, ಆಮೇಲೆ ಅವೆಲ್ಲ ಸೇರಿ ಆರೋಪಿಯ ಅಪರಾಧವನ್ನಲ್ಲದೆ ಬೇರೆ ಯಾವ ಸಾಧ್ಯತೆಯನ್ನೂ ಉಳಿಸದಂಥ ಸರಪಳಿಯಾಗಬೇಕು ಎಂದು ನ್ಯಾಯಮೂರ್ತಿ ಫಜಲ್ ಅಲಿ ಅದರಲ್ಲಿ ಬರೆದರು. "ಆಗಿರಬಹುದು" ಎಂಬುದಕ್ಕೂ "ಆಗಿರಲೇಬೇಕು" ಎಂಬುದಕ್ಕೂ ನಡುವೆ ದೊಡ್ಡ ಅಂತರವಿದೆ ಎಂದು 1973ರಲ್ಲೇ ಅದೇ ಕೋರ್ಟು ಹೇಳಿದ್ದ ಮಾತನ್ನೂ ಅಲ್ಲಿ ನೆನಪಿಸಿಕೊಳ್ಳಲಾಗಿದೆ.

ನನ್ನ ಪಾಲಿಗೆ ಆ ತೀರ್ಪಿನ ತಿರುಳಿರುವುದು ಇನ್ನೊಂದು ಕಡೆ. ಆರೋಪಿಯ ಸುಳ್ಳು ವಿವರಣೆಯನ್ನು ಒಂದು ಹೆಚ್ಚುವರಿ ಕೊಂಡಿಯಾಗಿ ಬಳಸಬಹುದು, ಆದರೆ ಉಳಿದ ಸರಪಳಿ ಪೂರ್ಣವಾಗಿದ್ದಾಗ ಮಾತ್ರ. ಕಡಿದುಹೋದ ಕಡೆ ಬೆಸುಗೆ ಹಾಕಲು ಸುಳ್ಳನ್ನು ಬಳಸುವಂತಿಲ್ಲ. ಗಂಡ ಸುಳ್ಳು ಹೇಳುವುದಕ್ಕೆ ಕೊಲೆಯೊಂದೇ ಕಾರಣವಲ್ಲ. ಬೇರೊಬ್ಬಳೊಂದಿಗಿನ ಸಂಬಂಧ, ಹಿಂದಿನ ರಾತ್ರಿ ಕೈ ಎತ್ತಿದ ನಾಚಿಕೆ, ಸಾಲ, ಅಥವಾ ಬರೀ ಪೊಲೀಸರ ಭಯದಿಂದಲೂ ಮನುಷ್ಯ ಸುಳ್ಳು ಹೇಳುತ್ತಾನೆ.

ಹಾಗೆಂದು ಆ ತೀರ್ಪನ್ನು ಓದಿದಾಗ ನನಗೆ ನೆಮ್ಮದಿಯೇನೂ ಆಗುವುದಿಲ್ಲ. ಆ ಹುಡುಗಿ ಅಕ್ಕನಿಗೂ ಗೆಳತಿಗೂ ಬರೆದ ಪತ್ರಗಳಲ್ಲಿದ್ದ ಸಂಕಟ ಆತ್ಮಹತ್ಯೆಯ ಸಾಧ್ಯತೆಯನ್ನು ತೆರೆದಿಡುತ್ತದೆ ಎಂಬ ಕಾರಣಕ್ಕೇ ಗಂಡನಿಗೆ ಸಂಶಯದ ಲಾಭ ಸಿಕ್ಕಿತು. ಅಂದರೆ ಆಕೆ ಹೇಳಿಕೊಂಡ ದುಃಖವೇ ಆತನ ರಕ್ಷಣೆಗೆ ಬಂತು. ಮದುವೆಯಾದ ನಾಲ್ಕೇ ತಿಂಗಳಲ್ಲಿ ಒಬ್ಬಳು ಹಾಗೆ ಬರೆಯುವಂತೆ ಆದದ್ದಕ್ಕೆ ಯಾರು ಉತ್ತರಿಸಬೇಕಿತ್ತು? ಗಂಡನ ಮನೆಯ ಕ್ರೌರ್ಯವನ್ನೇ ಅಪರಾಧವೆಂದು ಹೆಸರಿಸಿದ 498ಎ ಕಲಮು ಬಂದದ್ದು 1983ರ ಕೊನೆಗೆ, ವರದಕ್ಷಿಣೆ ಸಾವಿನ 304ಬಿ ಬಂದದ್ದು 1986ರಲ್ಲಿ. ಆಕೆ ಸತ್ತ 1982ರಲ್ಲಿ ಇವೆರಡೂ ಇರಲಿಲ್ಲ. ಆದರೂ ಕೊಲೆ ಸಾಬೀತಾಗದ ಕಡೆ ಕೊಲೆಯ ಶಿಕ್ಷೆ ಕೊಡಲಾಗದು ಎಂಬಲ್ಲಿಗೆ ನಾನು, ಮನಸ್ಸಿಲ್ಲದಿದ್ದರೂ, ಬಂದು ನಿಲ್ಲುತ್ತೇನೆ.

ಇದರ ಎದುರಿಗೆ ಬೆಂಗಳೂರಿನ ರಿಚ್ಮಂಡ್ ರಸ್ತೆಯ ಪ್ರಕರಣವನ್ನು ಇಡಬೇಕು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರೆ ಖಲೀಲಿ 1991ರ ಮೇ ತಿಂಗಳ ಕೊನೆಯಲ್ಲಿ ಕಾಣೆಯಾದರು. 1986ರಲ್ಲಿ ಅವರನ್ನು ಮದುವೆಯಾಗಿದ್ದ ಸ್ವಾಮಿ ಶ್ರದ್ಧಾನಂದ, ಅಂದರೆ ಮುರಳಿ ಮನೋಹರ ಮಿಶ್ರಾ, ಕೇಳಿದವರಿಗೆಲ್ಲ ಒಂದೊಂದು ಊರಿನ ಹೆಸರು ಹೇಳುತ್ತ, ಆಕೆ ವಿದೇಶದಲ್ಲಿದ್ದಾರೆಂದು ಮಗಳನ್ನೂ ನಂಬಿಸುತ್ತ ಕಾಲ ತಳ್ಳಿದ. ಅನುಮಾನ ಬಂದ ಮಗಳಿಗೆ ಒಮ್ಮೆ ಮುಂಬೈಯ ಹೋಟೆಲಿನಲ್ಲಿ ಆತನ ಕೋಣೆಯಲ್ಲಿ ತಾಯಿಯ ಪಾಸ್‌ಪೋರ್ಟ್ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲಿ, ತಾಯಿ ವಿದೇಶದಲ್ಲಿ! ಸಾಂದರ್ಭಿಕ ಸಾಕ್ಷ್ಯವೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಇದೊಂದನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಮಾತಾಡದ ಒಂದು ಪುಸ್ತಿಕೆ ಆತನ ಕಥೆಯನ್ನು ಅಸಾಧ್ಯವಾಗಿಸಿತು. ಆತನ ಮುಖಭಾವವನ್ನು ಓದುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮಗಳು 1992ರಲ್ಲಿ ದೂರು ಕೊಟ್ಟರು. 1994ರ ಮಾರ್ಚ್‌ನಲ್ಲಿ ಆತನೇ ತೋರಿಸಿದ ಜಾಗದಲ್ಲಿ, ಅವರದೇ ಮನೆಯ ಹಿತ್ತಿಲನ್ನು ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಅಗೆತವನ್ನು ವಿಡಿಯೊ ಮಾಡಲಾಗಿತ್ತು. ಮಹಜರಿಗೆ ಸಹಿ ಹಾಕಿದ ಪಂಚರು ಆಮೇಲೆ ಉಲ್ಟಾ ಹೊಡೆಯುವುದು ನಮ್ಮಲ್ಲಿ ಎಷ್ಟು ಮಾಮೂಲು ಎಂದು ಗೊತ್ತಿರುವವರಿಗೆ ಆ ಕಾಲದಲ್ಲಿ ಹೀಗೊಂದು ವಿಡಿಯೊ ಇದ್ದದ್ದರ ಬೆಲೆ ತಿಳಿಯುತ್ತದೆ. ತಲೆಬುರುಡೆಯನ್ನು ಆಕೆಯ ಭಾವಚಿತ್ರದ ಮೇಲೆ ಹೊಂದಿಸಿ ನೋಡಲಾಯಿತು, ಮೂಳೆಯ ಡಿಎನ್‌ಎಯನ್ನು ತಾಯಿಯ ರಕ್ತದೊಂದಿಗೆ ತಾಳೆ ನೋಡಲಾಯಿತು, ಒಡವೆಗಳನ್ನು ಮನೆಯವರು ಗುರುತಿಸಿದರು. ಇದು ಯಾರ ದೇಹ ಎಂಬ ಮೊದಲ ಕೊಂಡಿ ಹೀಗೆ ಮೂರು ಕಡೆಯಿಂದ ಬಿಗಿಯಾದ ಮೇಲೆ ಉಳಿದವೆಲ್ಲ ತಂತಮ್ಮ ಜಾಗಕ್ಕೆ ಬಂದು ಕುಳಿತವು: ಆಕೆ ಕಾಣೆಯಾಗುವ ಮುನ್ನವೇ ಪೆಟ್ಟಿಗೆ ಮಾಡಿಸಿದ್ದು, ಹಿತ್ತಿಲಲ್ಲಿ ಗುಂಡಿ ತೋಡಿಸಿದ್ದು, ಆಕೆ ಕೊಟ್ಟಿದ್ದ ಅಧಿಕಾರಪತ್ರವನ್ನು ಹಿಡಿದು ಆಕೆ ಬದುಕಿದ್ದಾಳೆಂಬ ಸೋಗಿನಲ್ಲಿ ಆಸ್ತಿ ಮಾರುತ್ತ ಹೋದದ್ದು. ಮರಣದಂಡನೆ ಕೊಡಬೇಕೇ ಬೇಡವೇ ಎಂಬುದರಲ್ಲಿ 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ, ಮರುವರ್ಷ ಮೂವರ ಪೀಠ ಅದನ್ನು ಸಾಯುವವರೆಗಿನ ಜೈಲುವಾಸವಾಗಿ ಬದಲಿಸಿತು. ಕೊಂದವನು ಆತನೇ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಗಂಡನ ಮೌನಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಇದರಿಂದ ತಿಳಿಯಬಾರದು. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವರವರೇ ವಿವರಿಸಬೇಕೆಂದು ಹಳೆಯ ಸಾಕ್ಷ್ಯ ಕಾಯ್ದೆಯ 106ನೆಯ ಕಲಮು ಹೇಳುತ್ತಿತ್ತು. ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೀಗ 109. ತ್ರಿಮುಖ್ ಮಾರುತಿ ಕಿರ್ಕಣ್ ಪ್ರಕರಣದಲ್ಲಿ ಸೊಸೆಯ ಸಾವಿಗೆ ಹಾವಿನ ಕಡಿತ ಕಾರಣವೆಂದು ಗಂಡನ ಮನೆಯವರು ಹೇಳಿದ್ದರು, ಶವಪರೀಕ್ಷೆ ಕುತ್ತಿಗೆ ಒತ್ತಿ ಸಾಯಿಸಿದ್ದೆಂದು ಹೇಳಿತು. ನಾಲ್ಕು ಗೋಡೆಯೊಳಗೆ ನಡೆದ ಕೊಲೆಗೆ ಹೊರಗಿನ ಸಾಕ್ಷಿಯನ್ನು ತರುವುದು ಪ್ರಾಸಿಕ್ಯೂಷನ್ನಿಗೆ ಕಷ್ಟ, ಅಂಥಲ್ಲಿ ಒಳಗಿದ್ದವರು ಬಾಯಿ ಮುಚ್ಚಿಕೊಂಡು ಪಾರಾಗಲಾರರು ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಅಲ್ಲಿಯೂ ಕ್ರಮ ಅದೇ. ಇದು ಆಕೆಯ ದೇಹ, ಇದು ಕೊಲೆ, ಆ ಹೊತ್ತಿನಲ್ಲಿ ಆತ ಆ ಮನೆಯಲ್ಲಿದ್ದ ಎಂಬುದನ್ನು ಪೊಲೀಸರು ತೋರಿಸಿದ ಮೇಲೆ ಆತನ ಸರದಿ ಬರುತ್ತದೆ. ಈ ಕಲಮು ಪ್ರಾಸಿಕ್ಯೂಷನ್ನಿನ ಹೊರೆಯನ್ನು ಇಳಿಸುವುದಕ್ಕಿಲ್ಲವೆಂದು 1956ರಷ್ಟು ಹಿಂದೆಯೇ ಶಂಭುನಾಥ್ ಮೆಹ್ರಾ ಪ್ರಕರಣದಲ್ಲಿ ಹೇಳಿಯಾಗಿದೆ.

ಕುಶಾಲನಗರದ ಪ್ರಕರಣದಲ್ಲಿ ಹೊಸೆದದ್ದು ಮೊದಲ ಕೊಂಡಿಯೇ ಇಲ್ಲದ ಸರಪಳಿ. ಹೆಂಡತಿ ಮನೆ ಬಿಟ್ಟು ಹೋಗಿದ್ದಳು, ಗಂಡನಿಗೆ ಸಿಟ್ಟು ಬರಲು ಕಾರಣವಿತ್ತು, ಪಕ್ಕದ ತಾಲ್ಲೂಕಿನಲ್ಲಿ ಹೆಣ್ಣಿನದೆಂದು ತೋರಿದ ಮೂಳೆಗಳು ಸಿಕ್ಕಿದ್ದವು. ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಯಾರಿಗಾದರೂ ಒಂದು ಕಥೆ ಹೊಳೆಯುತ್ತದೆ, ನನಗೂ ಹೊಳೆಯುತ್ತಿತ್ತು. ಅಂದು ಯಾರಾದರೂ ಆ ಗಂಡನ ಫೋಟೊ ಹಾಕಿ ಸಾಮಾಜಿಕ ಜಾಲತಾಣದಲ್ಲಿ ಬರೆದಿದ್ದರೆ ಕೆಳಗೆ ಏನೇನು ಬರುತ್ತಿತ್ತೆಂದು ಊಹಿಸಲು ನನಗೆ ಕಷ್ಟವಾಗುವುದಿಲ್ಲ. ಸಿಟ್ಟಿನ ಗುರುತೊಂದನ್ನು ನಾನೇ ಒತ್ತಿ ಮುಂದೆ ಹೋಗುತ್ತಿದ್ದೆನೋ ಏನೋ. ಹಣವಿಲ್ಲದ, ದೊಡ್ಡ ವಕೀಲರ ಪರಿಚಯವಿಲ್ಲದ ಬುಡಕಟ್ಟಿನ ಮನುಷ್ಯನ ಮೇಲೆ ಅಂಥ ಕಥೆ ಎಷ್ಟು ಸಲೀಸಾಗಿ ಕುಳಿತುಕೊಳ್ಳುತ್ತದೆ ಎಂಬುದನ್ನೂ ಮರೆಯಬಾರದು. ಆತನ ಪುಣ್ಯಕ್ಕೆ ಆಕೆ ಮಡಿಕೇರಿಯಲ್ಲಿದ್ದಳು. ದೂರದ ಯಾವುದೋ ರಾಜ್ಯಕ್ಕೆ ಹೋಗಿ ನೆಲೆಸಿದ್ದರೆ?

ಆತನ ಬಿಡುಗಡೆಯ ಸುದ್ದಿಯ ನಡುವೆ ಎಲ್ಲರೂ ಮರೆತ ಇನ್ನೊಬ್ಬರಿದ್ದಾರೆ. ಬೆಟ್ಟದಪುರದ ಬಳಿ ಸಿಕ್ಕ ಆ ಅಸ್ಥಿ ಯಾರದೋ ಒಬ್ಬರದು. ಬೇರೊಬ್ಬಳ ಹೆಸರಿನಲ್ಲಿ ಕಡತ ತಯಾರಾದ ದಿನವೇ ಆ ಸಾವಿನ ತನಿಖೆ ನಿಂತುಹೋಯಿತು. ಆ ಮೂಳೆಗಳನ್ನು ಹುಡುಕಿಕೊಂಡು ಬರಬೇಕಾದವರು ಈಗಲೂ ಯಾವುದೋ ಠಾಣೆಯ ಮೆಟ್ಟಿಲ ಮೇಲೆ, ಕಾಣೆಯಾದವರ ಫೋಟೊ ಹಿಡಿದು ಕುಳಿತಿರಬಹುದು.