ಹಾಸನಾಂಬೆಯಾದ್ರೂ ವರ್ಷಕ್ಕೊಂದ್ಸಲ ಬಾಗಿಲು ತೆಗೀತಾಳೆ

4,000 ರೂಪಾಯಿ ಕೊಟ್ಟು ವಿಡಿಯೋ ಗೇಮ್ ಕೊಂಡ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಆಫೀಸಲ್ಲಿ ಯಾರೋ ಸುಮ್ನೆ ಕೊಟ್ಟರು ಅಂದಿದ್ದೆ. ಯಾವ ಆಫೀಸಲ್ಲಿ ಹಾಗೆ ಕೊಡುತ್ತಾರೋ, ಹೆಂಡತಿಯೂ ಕೇಳಲಿಲ್ಲ.

ಭಾನುವಾರ ಅವಳು ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೊರಟಿದ್ದೇ ತಡ, ನಾನು ಕತ್ತಿ ಹಿಡಿದು ಕೋಟೆಗೆ ನುಗ್ಗಿದೆ. ಹತ್ತಾರು ಜನರನ್ನು ಬಡಿದು, ನಾನೂ ಮೂರು ಸಲ ಸತ್ತು, ಕೊನೆಗೆ ಮೂಲೆಯಲ್ಲಿ ಹೊಳೆಯುತ್ತಿದ್ದ ಪೆಟ್ಟಿಗೆ ಮುಟ್ಟಿದರೆ, ತೆರೆಯಲು ಫೋನಿನಲ್ಲಿ ನಮ್ಮ ಆ್ಯಪ್ ಹಾಕಿಕೊಳ್ಳಿ ಅಂತ ಬಂತು. ಕೋಟೆ ಟಿವಿಯಲ್ಲಿ, ಪೆಟ್ಟಿಗೆ ಟಿವಿಯಲ್ಲಿ, ಬೀಗದ ಕೈ ನನ್ನ ಜೇಬಲ್ಲಿ!

ಹಾಕಿಕೊಂಡೆ. ಅದು ಫೋಟೋ ಕೇಳಿತು, ಕಾಂಟ್ಯಾಕ್ಟ್ ಕೇಳಿತು, ಎಲ್ಲಿದ್ದೀಯ ಅಂತಲೂ ಕೇಳಿತು. ಹೆಣ್ಣು ಕೊಡುವಾಗ ನಮ್ಮ ಮಾವನವರೂ ಇಷ್ಟು ವಿಚಾರಿಸಿರಲಿಲ್ಲ. ಆ್ಯಪ್ ಒಳಗೆ ಇನ್ನೊಂದು ಪುಟ್ಟ ಆಟ. ಬಂಟರನ್ನು ಕೆಲಸಕ್ಕೆ ಕಳಿಸಿ 8 ಗಂಟೆ ಕಾಯಬೇಕು, ಅವರು ವಾಪಸ್ ಬಂದರೆ ಬೀಗ ತೆಗೆಯುತ್ತದೆ. ಕಾಯೋಕಾಗದಿದ್ದರೆ 600 ನಾಣ್ಯ.

600 ನಾಣ್ಯ ಮಾತ್ರ ಅವರು ಮಾರುವುದಿಲ್ಲ. 500ರ ಕಟ್ಟು ಇದೆ, 1,100ರ ಕಟ್ಟು ಇದೆ. ದೊಡ್ಡದನ್ನೇ 899 ರೂಪಾಯಿಗೆ ಕೊಂಡೆ. ಉಳಿದ 500ಕ್ಕೆ ಅಲ್ಲಿ ಒಂದು ಗುಂಡಿಯೂ ಬರುವುದಿಲ್ಲ, ಎಲ್ಲಾ 600ರಿಂದ ಶುರು. ಅಂಗಡಿಯವನು ಚಿಲ್ಲರೆ ಬದಲು ಚಾಕ್ಲೇಟ್ ಕೊಟ್ಟರೆ ಬಾಯಿಗಾದರೂ ಹಾಕಿಕೊಳ್ಳಬಹುದು ಅಲ್ವಾ?

ಇದು ಇವತ್ತಿನ ಕಾಯಿಲೆಯಲ್ಲ. 2006ರಲ್ಲಿ ಆಬ್ಲಿವಿಯನ್ ಆಟದವರು ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನ ಆಡಿಕೊಂಡು ನಕ್ಕರು, ನಗುತ್ತಲೇ ಕೊಂಡರು ಕೂಡ. 2014ರ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಆಟದಲ್ಲಿ ಕೆಲವು ಪೆಟ್ಟಿಗೆಗಳು ಫೋನಿನ ಆ್ಯಪ್ ಇಲ್ಲದೆ ತೆರೆಯುತ್ತಿರಲಿಲ್ಲ, ಬೈಗುಳ ಬಿದ್ದ ಮೇಲೆ ಆ ಕಟ್ಟುಪಾಡು ಬಿಟ್ಟರು. ದುಡ್ಡು ಕೊಟ್ಟು, ಒಳಗೇನಿದೆ ಅಂತ ಗೊತ್ತಿಲ್ಲದೆ ಕೊಳ್ಳುವ ಪೆಟ್ಟಿಗೆಗಳನ್ನು 2018ರಲ್ಲಿ ಬೆಲ್ಜಿಯಂನ ಜೂಜು ಆಯೋಗ ಜೂಜು ಅಂದೇಬಿಟ್ಟಿತು. ನಮ್ಮೂರ ಹಬ್ಬದ ಇಸ್ಪೀಟಿನಲ್ಲೂ ಎಲೆ ತಿರುಗಿಸಿ ನೋಡೋಕೆ ಬೇರೆ ಚಾರ್ಜ್ ಇಲ್ಲ.

ಅಪ್ಪ ಕುರ್ಚಿಯಲ್ಲಿ ಕೂತು ಎಲ್ಲಾ ನೋಡುತ್ತಿದ್ದರು. ಆಲೂಗಡ್ಡೆ ಬೆಳೆದು, ಎಪಿಎಂಸಿಯಲ್ಲಿ ದಲ್ಲಾಳಿಗಳ ಜೊತೆ ಜಗಳವಾಡಿ ಪಳಗಿದ ಜೀವ.

"ಮೂಟೆ ಮಾರಿ, ಬಾಯಿ ಬಿಚ್ಚೋಕೆ ಬೇರೆ ದುಡ್ಡು ಕೇಳಿದ್ರೆ ಯಾರ್ಡಲ್ಲಿ ಸುಮ್ನೆ ಬಿಡ್ತಿದ್ರೇನೋ?" ಅಂದರು. ನಾನು ಮಾತಾಡಲಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. "ಹಾಸನಾಂಬೆಯಾದ್ರೂ ವರ್ಷಕ್ಕೊಂದ್ಸಲ ಬಾಗಿಲು ತೆಗೀತಾಳೆ ಕಣೋ, ಇದೇನಿದು?"

ಕೊನೆಗೂ ತೆರೆಯಿತು. ಒಳಗೆ ಒಂದು ಟೋಪಿ. ಗರಿ ಸಿಕ್ಕಿಸಿದ, ನೋಡೋಕೆ ಪರವಾಗಿಲ್ಲ ಅನ್ನುವಂಥ ಟೋಪಿ. ಹಾಕಿಕೊಳ್ಳಲು 20ನೇ ಹಂತ ಮುಟ್ಟಬೇಕಂತೆ. ನಾನಿದ್ದದ್ದು ನಾಲ್ಕರಲ್ಲಿ.

ಅಷ್ಟರಲ್ಲಿ ಫೋನ್ ಬಂತು. ನಮ್ಮದು ಜಂಟಿ ಖಾತೆ, ಬ್ಯಾಂಕಿನ ಮೆಸೇಜ್ ಹೋಗುವುದು ಅವಳ ನಂಬರಿಗೆ ಅನ್ನುವುದೇ ಮರೆತಿತ್ತು. ಹಿಂದೆ ಸೊಪ್ಪಿನವರ ಕೂಗಾಟ.

"ರೀ, 899 ಕಟ್ ಆಗಿದೆ. ಏನ್ ತಗೊಂಡ್ರಿ?"

"ಟೋಪಿ."

ಒಂದು ಗಳಿಗೆ ಸುಮ್ಮನಿದ್ದಳು.

"ತಗೊಂಡ್ರಾ, ಹಾಕಿಸ್ಕೊಂಡ್ರಾ?"

ಅಪ್ಪ ಆ ಕಡೆ ತಿರುಗಿ ಕೂತರು, ಭುಜ ಮಾತ್ರ ಕುಲುಕುತ್ತಿತ್ತು. ನಾನು ಬಾಯಿ ಬಿಡಲಿಲ್ಲ. 4,000ದ ವಿಷಯ ಇನ್ನೂ ಹಾಗೇ ಇದೆ.