ಜಿಬ್ ಸ್ಕ್ರೂ ತಿರುಗಿಸೋದನ್ನೇ ರೀಕಂಡಿಶನ್ ಅಂತಾರಂತೆ!

ಹೊಸ ಪೇಂಟ್ ಹೊಡೆದ ಹಳೇ ಮಷಿನ್ ಕಂಡ್ರೆ ಈಗ ನನಗೆ ಮೈಯೆಲ್ಲ ಉರಿಯುತ್ತೆ.

ಎರಡು ತಿಂಗಳ ಹಿಂದೆ ಪೀಣ್ಯದ ನಮ್ಮ ಶೆಡ್‌ಗೆ ಒಂದು ಹಳೇ ಎಚ್‌ಎಂಟಿ ಮಿಲ್ಲಿಂಗ್ ಮಷಿನ್ ತಂದೆ, ತಿರುಗೋ ಕಟ್ಟರ್‌ನಿಂದ ಲೋಹ ಕೊರೆಯೋದು. ಅದರ ಕ್ಯಾಸ್ಟಿಂಗ್, ಅಂದ್ರೆ ಎರಕದ ಮೈ ಬಗ್ಗೆ ಒಂದು ಮಾತೂ ಆಡಲ್ಲ, ಅಪ್ಪಟ ಚಿನ್ನ. ನನ್ನ ಬೈಗುಳ ಏನಿದ್ರೂ ಅದನ್ನ "ಫುಲ್ ರೀಕಂಡಿಶನ್ ಸಾರ್" ಅಂತ ನನ್ನ ತಲೆಗೆ ಕಟ್ಟಿದ ಮಹಾನುಭಾವನಿಗೆ.

ಹಳೇ ಮಷಿನ್ ಮಾರೋ ತನ್ನ ಯಾರ್ಡ್‌ನಲ್ಲಿ ಅವನು, ಕೊರೆಯೋ ತುಂಡನ್ನ ಹೊತ್ತು ಜಾರೋ ಟೇಬಲ್ಲಿನ ಹ್ಯಾಂಡಲ್ ಹಿಡಿದು ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು ಓಡಿಸಿ ತೋರಿಸಿದ. ಬೆಣ್ಣೆ ಥರ ಓಡ್ತು. ಸ್ಲೈಡ್ ಮೇಲೆ ಅರ್ಧಚಂದ್ರದ ಹೂವು ಮಿಂಚ್ತಾ ಇತ್ತು. "ನೋಡಿ ಸಾರ್, ಹ್ಯಾಂಡ್ ಸ್ಕ್ರೇಪಿಂಗ್" ಅಂದ, ಅಂದ್ರೆ ಕೈಯಲ್ಲೇ ಕೆತ್ತಿ ಮಟ್ಟ ಮಾಡಿದ್ದು ಅಂತ. ಇಪ್ಪತ್ತು ವರ್ಷದಿಂದ ಇದೇ ಕಸುಬಲ್ಲಿರೋ ನನಗೆ ಟೇಬಲನ್ನ ಒಂದ್ಸಲ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡೋ ಬುದ್ಧಿ ಬರಲಿಲ್ಲ. ಅದಕ್ಕೆ ನನ್ನ ಚಪ್ಪಲಿಯಲ್ಲಿ ನಾನೇ ಹೊಡ್ಕೋಬೇಕು.

ಹೈಡ್ರಾ ಕ್ರೇನ್ ತರಿಸಿ ಇಳಿಸಿ, ಲೆವೆಲ್ ಮಾಡಿ, ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು ಶುರು ಮಾಡಿದ್ವಿ. ಟೇಬಲ್ ಎಡತುದಿಗೆ ಹೋಗೋ ಹೊತ್ತಿಗೆ ಹ್ಯಾಂಡಲ್ ಎರಡು ಕೈಗೂ ಬಗ್ಗಲಿಲ್ಲ. ಫೋನ್ ಮಾಡಿದೆ. "ಜಿಬ್ ಸ್ವಲ್ಪ ಲೂಸ್ ಮಾಡ್ಕೊಳಿ ಸಾರ್." ಮಾಡಿದೆ. ತುದೀಲಿ ಓಡ್ತು, ಆದ್ರೆ ಮಧ್ಯಕ್ಕೆ ತಂದು, ಅಲುಗಾಟ ಅಳೆಯೋ ಡಯಲ್ ಇಟ್ಟು ಅಲುಗಿಸಿದ್ರೆ 0.12 ಮಿ.ಮೀ. ಪ್ಲೇ, ಅಂದ್ರೆ ಸಡಿಲ. ಮತ್ತೆ ಫೋನ್. "ಹಂಗಾದ್ರೆ ಸ್ವಲ್ಪ ಟೈಟ್ ಮಾಡ್ಕೊಳಿ ಸಾರ್."

ಅಲ್ಲಯ್ಯಾ, ಜಿಬ್ ಏನು ಕುಕ್ಕರ್ ಗ್ಯಾಸ್ಕೆಟ್ಟಾ?

ಟೇಬಲ್ ಜಾರೋ ಓರೆ ಅಂಚಿನ ಹಳಿ, ಅಂದ್ರೆ ಡವ್‌ಟೇಲ್‌ನ ಒಂದು ಪಕ್ಕದಲ್ಲಿ ಕೂರೋ ಉದ್ದನೆ ಬೆಣೆ ಅದು. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ನಮ್ಮದರಲ್ಲಿ ಟೇಪರ್ ಅಳೆದಾಗ 1:60 ಬಂತು. ಅಂದ್ರೆ ಸ್ಕ್ರೂ ತಿರುಗಿಸಿ ಜಿಬ್ಬನ್ನ 1 ಮಿ.ಮೀ. ಒಳಕ್ಕೆ ತಳ್ಳಿದ್ರೆ ಸಂದು ಕಮ್ಮಿ ಆಗೋದು 0.017 ಮಿ.ಮೀ. ಮಾತ್ರ. ಅಷ್ಟು ನಾಜೂಕು. ಆ ಬೆಣೆ ಒಂದೇ ಅಳತೆಯ ಸಂದು ತುಂಬುತ್ತೆ ಅಷ್ಟೇ. ನಲವತ್ತು ವರ್ಷ ಕೆಲಸ ಮಾಡಿದ ಟೇಬಲ್ಲು ಜಾಸ್ತಿ ಸವೆಯೋದು ಮಧ್ಯದಲ್ಲಿ, ಯಾಕಂದ್ರೆ ದಿನಾ ಓಡಾಡೋದು ಅಲ್ಲೇ. ತುದಿ ಮಾತ್ರ ಹೊಸದರ ಹಾಗೇ ಉಳಿದಿರುತ್ತೆ. ಮಧ್ಯಕ್ಕೆ ಸರಿ ಮಾಡಿದ್ರೆ ತುದೀಲಿ ಹಿಡಿಯುತ್ತೆ, ತುದಿಗೆ ಸರಿ ಮಾಡಿದ್ರೆ ಮಧ್ಯದಲ್ಲಿ ಕುಣಿಯುತ್ತೆ. ಸ್ಕ್ರೂ ಎಷ್ಟು ತಿರುಗಿಸಿದ್ರೂ ಸವೆದ ಕಬ್ಬಿಣ ವಾಪಸ್ ಬೆಳೆಯಲ್ಲ ಸ್ವಾಮಿ! ಇದು ಆ ಮನುಷ್ಯನಿಗೆ ಗೊತ್ತಿರಲಿಲ್ಲ ಅಂತ ನಂಬೋಕೆ ನಾನೇನು ಹಸುಗೂಸಲ್ಲ. ಗೊತ್ತಿದ್ದೇ ಒಂದು ಗೇಣು ಮಾತ್ರ ಓಡಿಸಿದ್ದು.

ಡೆಲಿವರಿ ಅರ್ಜೆಂಟ್ ಇತ್ತು ಅಂತ ನಾನು ನಡುವೆ ಎಲ್ಲೋ ಒಂದು ಕಡೆ ಸೆಟ್ ಮಾಡಿ ಓಡಿಸಿದೆ. ಉದ್ದನೆ ಪ್ಲೇಟ್‌ಗಳಿಗೆ ಸ್ಲಾಟ್ ಹೊಡೆಯೋ ಕೆಲಸ. ಕಟ್ಟರ್ ಮಧ್ಯಕ್ಕೆ ಬಂದ ಕೂಡಲೇ ಗರಗರ ಅನ್ನೋದು, ಸ್ಲಾಟ್ ಗೋಡೆ ಮೇಲೆ ಅಲೆ ಅಲೆ. ನಲವತ್ತರಲ್ಲಿ ಹದಿನೆಂಟು ರಿಜೆಕ್ಟ್. ಆಗ ಸಲಹೆ ಕೊಡೋಕೆ ಬಂದವರು ಒಬ್ಬರಾ ಇಬ್ಬರಾ. "ಬ್ಯಾಕ್‌ಲ್ಯಾಶ್ ಇರ್ಬೇಕು, ನಟ್ ಬದಲಾಯಿಸು" ಅಂದ ಪಕ್ಕದ ಶೆಡ್ಡಿನವನು. ಬ್ಯಾಕ್‌ಲ್ಯಾಶ್ ಇರೋದು ಟೇಬಲ್ ಓಡಿಸೋ ಸ್ಕ್ರೂಗೂ ಅದರ ನಟ್‌ಗೂ ನಡುವೆ, ಟೇಬಲ್ ಉದ್ದಕ್ಕೆ ಜಾರೋದು ಅದು. ನನ್ನದು ಅಡ್ಡಡ್ಡ ತಿರುಚಿಕೊಳ್ಳೋ ಟೇಬಲ್ಲು. ಹೊಟ್ಟೆನೋವಿಗೆ ಕನ್ನಡಕ ಕೊಡೋ ವೈದ್ಯರು ಇವರು.

ಕೊನೆಗೆ ನನಗೆ ಕೆಲಸ ಕಲಿಸಿದ ಮೇಸ್ತ್ರಿಗೇ ಫೋನ್ ಮಾಡಿದೆ. ರಿಟೈರ್ ಆಗಿ ಹತ್ತು ವರ್ಷ ಆಗಿದೆ, ಮಂಡಿನೋವು ಬೇರೆ. ಆದ್ರೂ ಆಟೋ ಹಿಡ್ಕೊಂಡು ಬಂದ್ರು. "ಮೊದ್ಲು ಜಿಬ್ ಆಚೆ ತೆಗಿಯೋ, ಆಮೇಲೆ ಮಾತು" ಅಂದ್ರು. ತೆಗೆದ್ವಿ. ಹಿಂದೆ ಏನಿತ್ತು ಗೊತ್ತಾ? ಕೂಲ್‌ಡ್ರಿಂಕ್ ಡಬ್ಬ ಕತ್ತರಿಸಿ ಮಾಡಿದ ಪಟ್ಟಿ! ಒಂದು ಕಡೆ ಕೆಂಪು ಬಣ್ಣ ಇನ್ನೂ ಹಾಗೇ ಇತ್ತು. ಜಿಬ್ ಬಿಲ್ಲಿನ ಥರ ಬಗ್ಗಿತ್ತು, ಎಣ್ಣೆ ಹರಿಯೋ ಕಾಲುವೆಗೆ ಲೋಹದ ಚೂರು ಗಚ್ಚಿನಂಗೆ ಮೆತ್ಕೊಂಡಿತ್ತು. ಎಲ್ಲೆಲ್ಲಿ ಮುಟ್ಟುತ್ತೆ ಅಂತ ತೋರಿಸೋ ಬ್ಲೂ ಬಣ್ಣ ಹಚ್ಚಿ ನೋಡಿದ್ರೆ ಹತ್ತಿದ್ದು ಎರಡು ತುದಿಗೆ ಮಾತ್ರ. ಆ ಅರ್ಧಚಂದ್ರದ ಹೂವು? ಸವೆದ ಸ್ಲೈಡ್ ಮೇಲೇ ಹಾಗೇ ಗೀಚಿದ್ದು. ಎಣ್ಣೆ ನಿಲ್ಲಲಿ ಅಂತ ಸ್ಕ್ರೇಪಿಂಗ್ ಎಲ್ಲಾ ಮುಗಿದ ಮೇಲೆ ಕೊನೇಲಿ ಹಾಕೋದು ಅದು, ಇವನು ಬರೀ ಅದನ್ನೇ ಹಾಕಿದ್ದ. ಮೇಸ್ತ್ರಿ ಬೈಯಲೂ ಇಲ್ಲ, ಸುಮ್ಮನೆ ಕೈ ಒರೆಸ್ಕೊಂಡು ಟೀ ಕೇಳಿದ್ರು. ಅದೇ ಇನ್ನೂ ಅವಮಾನ ಆಯ್ತು.

ಮೂರು ವಾರ ಸ್ಕ್ರೇಪ್ ಮಾಡಿದ್ವಿ. ಮಟ್ಟ ನೋಡೋ ಸ್ಟ್ರೈಟ್‌ಎಡ್ಜ್ ಎರವಲು ತಂದು, ಬ್ಲೂ ಹಚ್ಚೋದು, ಉಜ್ಜೋದು, ಹತ್ತಿದ ಚುಕ್ಕೆ ಕೆತ್ತೋದು, ಒರೆಸೋದು, ಮತ್ತೆ ಬ್ಲೂ. ಒಂದಿಂಚು ಚೌಕದಲ್ಲಿ ಹನ್ನೆರಡು ಹದಿನೈದು ಚುಕ್ಕೆ ಬರೋವರೆಗೂ ಅವರು ಬಿಡಲಿಲ್ಲ. ಎರಡೂ ಕಡೆ ಸೇರಿ 0.2 ಮಿ.ಮೀ. ಕಬ್ಬಿಣ ಹೋಯ್ತು. 0.2 ಅಂದ್ರೆ ಏನ್ಮಹಾ ಅಂತೀರಾ? ಅದೇ 1:60 ಲೆಕ್ಕದಲ್ಲಿ ಜಿಬ್ 12 ಮಿ.ಮೀ. ಒಳಗೆ ಹೋಯ್ತು. ಸ್ಕ್ರೂಗೆ ಥ್ರೆಡ್ಡೇ ಸಾಲಲಿಲ್ಲ, ತೆಳು ತುದಿ ಆಚೆ ಇಣುಕ್ತಾ ಇತ್ತು. ಹೊಸ ಜಿಬ್ ಮಾಡಿಸಿದ್ವಿ, ಬೇಕಂತಲೇ 40 ಮಿ.ಮೀ. ಜಾಸ್ತಿ ಉದ್ದ ಬಿಟ್ಟು. ಬ್ಲೂ ಪೂರ್ತಿ ಹತ್ತಿದ ಮೇಲೆ ಎರಡೂ ತುದಿ ಕತ್ತರಿಸಿ ಸ್ಕ್ರೂಗೆ ಕಚ್ಚು ಹಾಕಿದ್ದು. ಮಷಿನ್‌ಗೆ ಕೊಟ್ಟ ದುಡ್ಡಿನ ಜೊತೆ ಇದೂ ಸೇರಿತು. ಯಾರ್ಡಿನವನು ಈಗ ಫೋನೇ ಎತ್ತಲ್ಲ.

ಮೊನ್ನೆ ಶನಿವಾರ ಕೊನೇ ಸೆಟ್ಟಿಂಗ್. ತುದಿಯಿಂದ ತುದಿಗೆ ಒಂದೇ ಹದ, ಎಲ್ಲಿ ಅಲುಗಿಸಿದ್ರೂ ಡಯಲ್ ಎರಡು ಗೀಟು ದಾಟಲ್ಲ. ಜಿಬ್ಬಿನ ಎರಡೂ ಸ್ಕ್ರೂ ಮೇಲೆ ಹಳದಿ ಪೇಂಟಲ್ಲಿ ಗೆರೆ ಎಳೆದು, "ಮುಟ್ಟಬೇಡಿ" ಅಂತ ಬರೆದು ಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಬಂದು ನೋಡ್ತೀನಿ, ಗೆರೆ ಅರ್ಧ ಸುತ್ತು ತಿರುಗಿದೆ. ನೈಟ್ ಶಿಫ್ಟ್ ಹುಡುಗನ್ನ ಕರೆದು ಕೇಳಿದೆ.

"ಹ್ಯಾಂಡಲ್ ತುಂಬಾ ಹಗುರ ಅನ್ನಿಸ್ತು ಸಾರ್. ಅದಕ್ಕೆ ಸ್ವಲ್ಪ ಟೈಟ್ ಮಾಡ್ದೆ."